ಅವಳಿಗೆ ಹೆಣ್ಣುಮಕ್ಕಳೇ ಹುಟ್ಟಿದ್ದರೆ?

ಟಿ.ವಿ. ಧಾರಾವಾಹಿಗಳ ಬಗ್ಗೆ ಬರೆಯುತ್ತೇವೆ ಎಂದರೆ ನಮ್ಮ ಸಾಹಿತಿ ಮಿತ್ರರು ನಗುತ್ತಾರೆ. ಕತೆ ಬರೆಯುವವರು ಅತ್ತೆ-ಸೊಸೆ ಜಗಳಕ್ಕೆ ಯಾಕೆ ತಲೆ ಹಾಕಬೇಕು ಎಂಬುದು ಅವರ ಪ್ರಶ್ನೆ. ಆದರೆ ನಮ್ಮ ಮನೆಗಳಲ್ಲಿ ಹೆಂಗಸರು ಗಂಟೆಗಟ್ಟಲೆ ವಾದಿಸುವುದು ಈ ಧಾರಾವಾಹಿಗಳ ಕುರಿತೇ ಹೊರತು ನಮ್ಮ ಕಥಾಸಂಕಲನಗಳ ಕುರಿತಲ್ಲ. ಆ ವಾದಕ್ಕೆ ಕಿವಿಗೊಡುವುದೂ ವಿಮರ್ಶೆಯ ಕೆಲಸವೇ ಎಂದು ನಮಗೆ ಈಚೆಗೆ ಮನವರಿಕೆಯಾಯಿತು.

ಅದಕ್ಕೆ ಕಾರಣವಾದದ್ದು ಪಾಕಿಸ್ತಾನದ 'ಜಿಂದಗಿ ಗುಲ್ಜಾರ್ ಹೈ'. ಉಮೇರಾ ಅಹ್ಮದ್ ಬರೆದು, ಸುಲ್ತಾನಾ ಸಿದ್ದೀಕಿ ನಿರ್ದೇಶಿಸಿದ ಈ ಧಾರಾವಾಹಿ 2012ರ ಕೊನೆಯಲ್ಲಿ ಹಮ್ ಟಿ.ವಿ.ಯಲ್ಲಿ ಆರಂಭವಾಗಿ 2013ರಲ್ಲಿ ಮುಗಿಯಿತು. ಇಲ್ಲಿ 2014ರ ಜೂನ್‌ನಲ್ಲಿ ಶುರುವಾದ 'ಜಿಂದಗಿ' ಚಾನೆಲ್ ಅದನ್ನು ಮನೆಮನೆಗೆ ತಲುಪಿಸಿತು. 2016ರ ಉರಿ ದಾಳಿಯ ನಂತರ ಆ ಚಾನೆಲ್ ಪಾಕಿಸ್ತಾನದ ಧಾರಾವಾಹಿಗಳನ್ನು ನಿಲ್ಲಿಸಿತು. ನೋಡುಗರು ಯೂಟ್ಯೂಬ್ ಹುಡುಕಿಕೊಂಡರು. 2025ರಲ್ಲಿ ಪಹಲ್ಗಾಮ್ ದಾಳಿಯ ಬಳಿಕ ಹಮ್ ಟಿ.ವಿ.ಯ ಯೂಟ್ಯೂಬ್ ಚಾನೆಲನ್ನೂ ಭಾರತದಲ್ಲಿ ತಡೆಹಿಡಿಯಲಾಯಿತು. ಧಾರಾವಾಹಿ ಹೋಯಿತು, ಅದರ ಮೇಲಿನ ವಾದ ಮಾತ್ರ ಹೋಗಲಿಲ್ಲ.

ಕತೆ ಸರಳ. ಮೂರು ಹೆಣ್ಣುಮಕ್ಕಳನ್ನೇ ಹೆತ್ತಳು ಎಂಬ ಕಾರಣಕ್ಕೆ ರಾಫಿಯಾಳನ್ನು ಬದಿಗೆ ಸರಿಸಿ ಗಂಡ ಮುರ್ತಜಾ ಇನ್ನೊಂದು ಮದುವೆಯಾಗುತ್ತಾನೆ. ಅಲ್ಲಿ ಗಂಡುಮಗ ಹುಟ್ಟುತ್ತಾನೆ. ರಾಫಿಯಾ ಶಾಲೆಯಲ್ಲಿ ಪಾಠ ಮಾಡಿ ಮಕ್ಕಳನ್ನು ಓದಿಸುತ್ತಾಳೆ. ಹಿರಿಯವಳಾದ ಕಶಫ್ ಸಿಟ್ಟಿನ ಹುಡುಗಿ. ದೇವರ ಮೇಲೂ ಅವಳಿಗೆ ದೂರುಗಳಿವೆ. ಸಿವಿಲ್ ಸರ್ವಿಸ್ ಪರೀಕ್ಷೆ ಗೆದ್ದು ಅಧಿಕಾರಿಯಾಗುತ್ತಾಳೆ. ಅವಳನ್ನು ಮದುವೆಯಾಗುವವನು ಜಾರೂನ್, ಶ್ರೀಮಂತರ ಮನೆಯ ಹುಡುಗ.

ಇದರ ಗುಣಗಳನ್ನು ಮೊದಲು ಹೇಳಬೇಕು. 26 ಕಂತಿಗೆ ಕತೆ ಮುಗಿಯುತ್ತದೆ, ವರ್ಷಗಟ್ಟಲೆ ಎಳೆಯುವುದಿಲ್ಲ. ಖರ್ಚಿನ ಲೆಕ್ಕ, ಅಕ್ಕತಂಗಿಯರ ಮುನಿಸು, ಅಮ್ಮನ ದಣಿವು ಇವೇ ಅದರ ಘಟನೆಗಳು. ಪಕ್ಕದ ಮನೆಯ ನಿವೃತ್ತ ಟೀಚರೊಬ್ಬರು ಇದನ್ನು ನೋಡಿ, "1998ರಲ್ಲಿ ದೂರದರ್ಶನದಲ್ಲಿ 'ಮಾಯಾಮೃಗ' ನೋಡುವಾಗ ಹೀಗೇ ಅನ್ನಿಸುತ್ತಿತ್ತು, ನಮ್ಮ ಬೀದಿಯ ಮನೆಯೇ ಅಂತ" ಎಂದರು. ಟಿ.ಎನ್. ಸೀತಾರಾಂ ಮತ್ತು ಗೆಳೆಯರ ಆ ಧಾರಾವಾಹಿಯ ಜೊತೆ ಇದನ್ನು ಇಟ್ಟು ನೋಡಿದ್ದು ನಮಗೆ ಸರಿಯೆನಿಸಿತು. ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕಲಿತ ನಮಗೆ ಇನ್ನೊಂದು ಸಂತೋಷವಿತ್ತು. ಇಲ್ಲಿನ ಧಾರಾವಾಹಿಗಳಲ್ಲಿ ಮುಸ್ಲಿಂ ಪಾತ್ರ ಬಂದರೆ ಹೆಚ್ಚಾಗಿ ಇಡೀ ಸಮುದಾಯವನ್ನು ಹೆಗಲ ಮೇಲೆ ಹೊತ್ತುಕೊಂಡೇ ಬರುತ್ತದೆ. ಅಲ್ಲಿ ಎಲ್ಲರೂ ಮುಸ್ಲಿಮರಾದ್ದರಿಂದ ಯಾರೂ ಯಾರ ಪ್ರತಿನಿಧಿಯೂ ಅಲ್ಲ. ಒಳ್ಳೆಯವರೂ ಕೆಟ್ಟವರೂ ಬರೀ ಮನುಷ್ಯರು.

ಕಳೆದ ವರ್ಷ ನಮ್ಮ ಆಪಾನ ಮಗಳಿಗೆ ಒಂದು ಸಂಬಂಧ ಬಂತು. ಹುಡುಗಿ ಕೆ.ಎ.ಎಸ್. ಪರೀಕ್ಷೆಗೆ ಓದುತ್ತಿದ್ದಾಳೆ. ಗಂಡಿನ ಕಡೆಯವರು ಓದು ಇಲ್ಲಿಗೆ ಸಾಕು ಎಂದರು. ಅವರು ಎದ್ದುಹೋದ ಮೇಲೆ ಮನೆಯಲ್ಲಿ ಮಾತು ಶುರುವಾಯಿತು. ಹಿರಿಯರೊಬ್ಬರು, "ಕಶಫ್‌ನ್ನೇ ನೋಡು. ಎಷ್ಟು ದೊಡ್ಡ ಆಫೀಸರ್! ಕೊನೆಗೆ ಅವಳೂ ಮೆತ್ತಗಾಗಲಿಲ್ಲವಾ? ಮೆತ್ತಗಾದ ಮೇಲೇ ಸುಖ ಸಿಕ್ಕಿದ್ದು" ಎಂದರು. ಹುಡುಗಿ, "ಅವಳು ಓದದೇ ಇದ್ದಿದ್ದರೆ ಅವಳ ಮನೆ ನಡೀತಿತ್ತಾ ನಾನಿಮಾ?" ಎಂದಳು. ಇನ್ನೊಬ್ಬರು ಕಶಫ್‌ಗೆ ಜಂಬ ಎಂದರು, ಮತ್ತೊಬ್ಬರು ಅದು ಜಂಬವಲ್ಲ, ಗಾಯ ಎಂದರು. ನಾವು, "ಧಾರಾವಾಹಿ ಮಾತು ಬಿಡಿ, ಹುಡುಗಿ ಮಾತು ಆಡಿ" ಎಂದೆವು. ಅದು ನಮ್ಮ ತಪ್ಪು. ಅಲ್ಲಿ ಎರಡೂ ಒಂದೇ ಆಗಿತ್ತು. ನೇರವಾಗಿ ಆಡಲಾಗದ್ದನ್ನು ಅವರು ಕಶಫ್ ಹೆಸರಿನಲ್ಲಿ ಆಡುತ್ತಿದ್ದರು.

ಆ ರಾತ್ರಿ ಹುಡುಗಿ ನಮ್ಮ ಬಳಿ ಬಂದು ಕೇಳಿದಳು: "ಖಾಲಾ, ಕೊನೆಗೆ ಕಶಫ್‌ಗೆ ಅವಳಿ ಗಂಡುಮಕ್ಕಳು ಹುಟ್ತಾರಲ್ಲ. ಅವಳಿಗೆ ಹೆಣ್ಣುಮಕ್ಕಳೇ ಹುಟ್ಟಿದ್ದರೆ?"

ಈ ಧಾರಾವಾಹಿಯ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾವು ಓದಿಲ್ಲ. ಗಂಡುಮಗನಿಲ್ಲ ಎಂದು ಹೆಂಗಸನ್ನು ಕೈಬಿಟ್ಟ ಗಂಡಸಿನ ಅನ್ಯಾಯದಿಂದ ಶುರುವಾದ ಕತೆ, ಅವಳ ಮಗಳ ಮಡಿಲಿಗೆ ಇಬ್ಬರು ಗಂಡುಮಕ್ಕಳನ್ನು ಹಾಕಿ ಮಂಗಳ ಹಾಡುತ್ತದೆ. ಮುರ್ತಜಾ ಮಾಡಿದ್ದು ತಪ್ಪು ಎಂದು ಬಾಯಲ್ಲಿ ಹೇಳುತ್ತದೆ; ಆದರೆ ಬಹುಮಾನ ಕೊಡುವಾಗ ಅವನ ತಕ್ಕಡಿಯನ್ನೇ ಎತ್ತಿಕೊಳ್ಳುತ್ತದೆ. ಅಸ್ಮಾರಾಳ ವಿಷಯದಲ್ಲೂ ಹೀಗೆಯೇ. ತನ್ನ ಉಡುಗೆ, ತನ್ನ ಸ್ನೇಹಿತರು ತನ್ನ ಇಷ್ಟ ಎಂದ ಅವಳ ಜೊತೆ ಜಾರೂನ್‌ನ ನಿಶ್ಚಿತಾರ್ಥ ಮುರಿಯುತ್ತದೆ, ಕತೆ ಅವಳತ್ತ ಕನಿಕರದಿಂದ ತಿರುಗಿಯೂ ನೋಡುವುದಿಲ್ಲ.

ಇಲ್ಲಿ ನಮಗೆ ನೆನಪಾಗುವುದು ಬಾನು ಮುಷ್ತಾಕರ 'ಕರಿ ನಾಗರಗಳು' ಕತೆ ಮತ್ತು ಅದನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2004ರಲ್ಲಿ ಮಾಡಿದ 'ಹಸೀನಾ'. ಅಲ್ಲೂ ಹೆಣ್ಣುಮಕ್ಕಳನ್ನು ಹೆತ್ತಳೆಂದು ಗಂಡ ಬಿಟ್ಟುಹೋಗುತ್ತಾನೆ. ರಾಫಿಯಾ ಸಬರ್ ಮಾಡುತ್ತಾಳೆ. ಹಸೀನಾ ಮಸೀದಿಯ ಮುಂದೆ ಕೂತು ನ್ಯಾಯ ಕೇಳುತ್ತಾಳೆ. ಗಂಡುಮಗು ಹುಟ್ಟಿ ಎಲ್ಲ ಸರಿಹೋಯಿತು ಎಂಬ ಸಮಾಧಾನವನ್ನು ಆ ಕತೆ ನಮಗೆ ಕೊಡುವುದಿಲ್ಲ. ತಾರಾ ಅವರ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಆದರೂ ನಮ್ಮ ಮನೆಗಳಲ್ಲಿ 'ಹಸೀನಾ' ಕುರಿತು ಯಾರೂ ವಾದಿಸಿದ್ದನ್ನು ನಾವು ಕೇಳಿಲ್ಲ. ಅದಕ್ಕೆ ಅರ್ಧ ಕಾರಣ ಅದು ಮನೆಯೊಳಗೆ ಬರಲಿಲ್ಲ ಎಂಬುದು. ಇನ್ನರ್ಧ, ಅದು ಕೇಳುವ ಪ್ರಶ್ನೆ ನಮ್ಮದೇ ಊರಿನದು, ನಮ್ಮದೇ ಜಮಾತಿನದು. ಪಾಕಿಸ್ತಾನದ ಮುರ್ತಜಾನನ್ನು ಬೈಯುವುದು ನಮಗೆ ಸುಲಭ.

ಹಾಗೆಂದು 'ಜಿಂದಗಿ ಗುಲ್ಜಾರ್ ಹೈ' ಕಳಪೆ ಎನ್ನುತ್ತಿಲ್ಲ. ಕಶಫ್‌ಳಂಥ ಸಿಟ್ಟಿನ ಹುಡುಗಿಯನ್ನು ನಾಯಕಿ ಮಾಡಿದ್ದು ಸಣ್ಣ ಸಂಗತಿಯಲ್ಲ. ಆದರೆ ವಾದ ಮಾಡುವಾಗ ಅವಳು ಒಳ್ಳೆಯವಳೇ, ಕೆಟ್ಟವಳೇ ಎಂಬಲ್ಲೇ ನಿಂತರೆ ಸಾಲದು. ಕೊನೆಯ ಕಂತಿನಲ್ಲಿ ಯಾರಿಗೆ ಏನು ಸಿಕ್ಕಿತು, ಯಾಕೆ ಸಿಕ್ಕಿತು ಎಂದು ಕೇಳಬೇಕು. ಧಾರಾವಾಹಿಯ ನಿಜವಾದ ಅಭಿಪ್ರಾಯ ಗೊತ್ತಾಗುವುದು ಅಲ್ಲೇ.

ಆ ಸಂಬಂಧ ಮುಂದುವರಿಯಲಿಲ್ಲ. ಮನೆಯಲ್ಲಿ ಕೆಲವರಿಗೆ ಇನ್ನೂ ಬೇಸರವಿದೆ. ಹುಡುಗಿ ಓದುತ್ತಿದ್ದಾಳೆ. ಅವಳ ಪ್ರಶ್ನೆಗೆ ಆ ರಾತ್ರಿ ನಮ್ಮ ಬಳಿ ಉತ್ತರವಿರಲಿಲ್ಲ. ಈ ಲೇಖನ ಅವಳಿಗೆ ತಡವಾಗಿ ಕೊಟ್ಟ ಉತ್ತರ.