ಗ್ರೇಡ್‌ಸ್ಕೋಪ್: ಲೆಕ್ಕ ಪಕ್ಕಾ, ಪಾಠ ಅರೆಬರೆ

ಹತ್ತನೆಯ ಉತ್ತರ ಪತ್ರಿಕೆಯಲ್ಲಿ ಒಂದು ಅಂಕ ಕಳೆದ ತಪ್ಪಿಗೆ ತೊಂಬತ್ತನೆಯದರಲ್ಲಿ ಎರಡು ಕಳೆದುಬಿಡುವುದು ಮೌಲ್ಯಮಾಪಕರ ಹಳೆಯ ಕಾಯಿಲೆ. ಟಿಪ್ಪಣಿಯೂ ಅಷ್ಟೆ, ಕೈ ಸೋತಂತೆ ಕುಗ್ಗುತ್ತ ಕೊನೆಗೆ ಬರೀ ಗೀಟಾಗುತ್ತದೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಈ ಕಾಟ ಉಂಡ ಬೋಧನಾ ಸಹಾಯಕರು ಕಟ್ಟಿದ ಸಾಧನ ಗ್ರೇಡ್‌ಸ್ಕೋಪ್. 2014ರಲ್ಲಿ ಕಂಪನಿಯಾದ ಅದನ್ನು 2018ರಲ್ಲಿ, ಕೃತಿಚೌರ್ಯ ಹಿಡಿಯುವುದಕ್ಕೆ ಹೆಸರಾದ ಟರ್ನಿಟಿನ್ ಕೊಂಡಿತು.

ಇದರ ಜಾಣ್ಮೆ ತಿದ್ದುವ ಕ್ರಮವನ್ನೇ ಬದಲಿಸಿದ್ದರಲ್ಲಿದೆ. ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ, ಎಲ್ಲರ ಮೊದಲ ಪ್ರಶ್ನೆಯನ್ನು ಒಟ್ಟಿಗೆ, ಆಮೇಲೆ ಎರಡನೆಯದನ್ನು ತಿದ್ದಬಹುದು. ತಪ್ಪೊಂದು ಮೊದಲ ಸಲ ಕಂಡಾಗ ಅದರ ವಿವರಣೆ, ಕಳೆಯಬೇಕಾದ ಅಂಕ ಎರಡನ್ನೂ ರೂಬ್ರಿಕ್ ಎಂಬ ಅಂಕಸೂತ್ರದ ಪಟ್ಟಿಗೆ ಸೇರಿಸಿದರಾಯಿತು. ಅದೇ ತಪ್ಪು ಮತ್ತೆ ಕಂಡರೆ ಒಂದು ಕೀಲಿ ಒತ್ತಿದರೆ ಸಾಕು. ಎರಡು ಅಂಕ ಕಳೆದದ್ದು ಅತಿಯಾಯಿತೆಂದು ನಡುವೆ ಅನ್ನಿಸಿದರೆ ಒಂದಕ್ಕೆ ಇಳಿಸಬಹುದು, ಆಗಲೇ ತಿದ್ದಿಟ್ಟ ಪತ್ರಿಕೆಗಳಲ್ಲೂ ಅಂಕ ತಾನಾಗಿ ಬದಲಾಗುತ್ತದೆ. ಕೆಂಪು ಇಂಕಿಗೆ ಈ ಭಾಗ್ಯವಿಲ್ಲ. ಯಾವ ಅಂಕ ಯಾಕೆ ಹೋಯಿತೆಂಬುದು ವಿದ್ಯಾರ್ಥಿಗೆ ಕಾಣುತ್ತದೆ; ಶಿಕ್ಷಕರು ಅವಕಾಶ ಕೊಟ್ಟಿದ್ದರೆ ಅಲ್ಲಿಂದಲೇ ಮರುಪರಿಶೀಲನೆ ಕೇಳಬಹುದು.

ನ್ಯಾಯದ ಮಟ್ಟಿಗೆ ಪೂರ್ಣಾಂಕ.

ಕಲಿಕೆಯ ಮಟ್ಟಿಗೆ? 'ಚಿಹ್ನೆ ತಪ್ಪಿದೆ, ಒಂದು ಅಂಕ ಕಡಿತ' ಎಂಬ ಸಾಲನ್ನೇ ನೋಡಿ. ಒಬ್ಬಳು ಅವಸರದಲ್ಲಿ ಋಣಚಿಹ್ನೆ ಬಿಟ್ಟಿರುತ್ತಾಳೆ, ಇನ್ನೊಬ್ಬನಿಗೆ ಬಲದ ದಿಕ್ಕೇ ಅರ್ಥವಾಗಿರುವುದಿಲ್ಲ. ಇಬ್ಬರಿಗೂ ಸಿಗುವುದು ಅದೇ ಸಾಲು. ಒಬ್ಬೊಬ್ಬರಿಗೂ ಬೇರೆ ಟಿಪ್ಪಣಿ ಬರೆಯಲು ಜಾಗವೇನೋ ಇದೆ. ಒಂದು ಕೀಲಿಯಲ್ಲಿ ಕೆಲಸ ಮುಗಿಯುವಾಗ ಬರೆಯುವ ತಾಳ್ಮೆ ಎಷ್ಟು ಮಂದಿಗೆ ಉಳಿದೀತು? ಅಂಕ ಹೋದದ್ದಕ್ಕೆ ಕಾರಣ ಹೇಳುವ ಈ ಸಾಲುಗಳು, ಮುಂದಿನ ಸಲ ಏನು ಮಾಡಬೇಕೆಂದು ಹೇಳುವುದು ಕಡಿಮೆ. ಗಣಿತ, ಭೌತಶಾಸ್ತ್ರದಂಥ ವಿಷಯಗಳಿಗೆ ಇದು ಹೇಗೋ ಒಗ್ಗುತ್ತದೆ. ಇತಿಹಾಸದ ಪ್ರಬಂಧವೊಂದರ ವಾದ ಎಲ್ಲಿ ಹಳಿ ತಪ್ಪಿತೆಂದು ತೋರಿಸಲು ಮಾತ್ರ ಸಿದ್ಧ ಸಾಲುಗಳು ಸಾಲವು.

ಹಾಗಿದ್ದೂ ಈ ಅರೆಬರೆ ಪಾಠ ಕೂಡ ಕರ್ನಾಟಕದ ಹೆಚ್ಚಿನ ವಿದ್ಯಾರ್ಥಿಗಳ ಪಾಲಿಗಿಲ್ಲ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಉತ್ತರ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ತಿದ್ದಿಸುವ ಪದ್ಧತಿಯನ್ನು ಎಂದೋ ತಂದಿತು. ಆದರೂ ಫಲಿತಾಂಶದಲ್ಲಿ ಕಾಣುವುದು ಬರೀ ಅಂಕ. ಪತ್ರಿಕೆಯ ಪ್ರತಿ ಬೇಕೆಂದರೆ ಶುಲ್ಕ ಕಟ್ಟಬೇಕು. ಸ್ಕ್ಯಾನರ್ ಇದೆ, ಪರದೆ ಇದೆ, ಮೌಲ್ಯಮಾಪಕರ ಕೈಯಲ್ಲಿ ಅಂಕ ಹಂಚಿಕೆಯ ಸ್ಕೀಮ್ ಕೂಡ ಇದೆ. ಯಾವ ಪ್ರಶ್ನೆಯಲ್ಲಿ ಎಲ್ಲಿ ಎಡವಿದರೆಂಬ ಎರಡು ಸಾಲನ್ನು ಅಂಕದ ಜೊತೆಗೇ, ಶುಲ್ಕವಿಲ್ಲದೆ, ವಿದ್ಯಾರ್ಥಿಗಳಿಗೆ ತಲುಪಿಸುವ ಕೆಲಸವನ್ನು ವಿಶ್ವವಿದ್ಯಾಲಯಗಳು ಇನ್ನಾದರೂ ಕೈಗೆತ್ತಿಕೊಳ್ಳಲಿ.