ಊರಿನ ಹೆಸರು ಹೊತ್ತ ವ್ಯಾಕರಣಗಳು

ಶಿರಾ ಸೀಮೆಯ ಮದಲೂರಿನ ಕಡೆ ಗಂಡಾಳು 'ಹೊಲ್ದಾಗವ್ನೆ', ಹೆಣ್ಣಾಳು 'ಹೊಲ್ದಾಗವ್ಳೆ', ಎತ್ತು 'ಹೊಲ್ದಾಗೈತೆ', ಜೋಡೆತ್ತಾದರೆ 'ಹೊಲ್ದಾಗವೆ'. ಶಾಲೆಯ ವ್ಯಾಕರಣ ಇವನ್ನೆಲ್ಲ 'ಗ್ರಾಮ್ಯ' ಎಂದು ಒಂದೇ ಮಾತಿನಲ್ಲಿ ಬದಿಗಿಡುತ್ತದೆ. ಹಾಗೆ ಬದಿಗಿಡದೆ, ಆಡುಮಾತಿಗೂ ತನ್ನದೇ ಕಟ್ಟುಪಾಡು ಉಂಟೆಂದು ಒಪ್ಪಿ ಬರೆದ ಪರಂಪರೆಯೊಂದು ನಮ್ಮಲ್ಲಿ ಬೆಳೆದದ್ದು ಪುಣೆಯ ಡೆಕ್ಕನ್ ಕಾಲೇಜಿನ ಆಸರೆಯಲ್ಲಿ. ವಿಲಿಯಂ ಬ್ರೈಟ್ ಅವರ ಆಡುಗನ್ನಡದ ರೂಪರೇಖೆ 1958ರಲ್ಲಿ ಬಂತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಎ.ಎಸ್. ಆಚಾರ್ಯರು ಹಾಲಕ್ಕಿ ಕನ್ನಡವನ್ನು, ಯು.ಪಿ. ಉಪಾಧ್ಯಾಯರು ನಂಜನಗೂಡಿನ ಒಕ್ಕಲಿಗರ ಕನ್ನಡವನ್ನು, ಆರ್. ಮಹದೇವನ್ ಗುಲ್ಬರ್ಗದ ಕನ್ನಡವನ್ನು, ಗುರುಬಸವೇಗೌಡರು ಅಜ್ಜಂಪುರದ ಕನ್ನಡವನ್ನು ವಿವರಿಸಿದರು. ಅತ್ತ ಅಣ್ಣಾಮಲೈನಲ್ಲಿ ಕುಶಾಲಪ್ಪಗೌಡರು ಗೌಡ ಕನ್ನಡದ ವ್ಯಾಕರಣ ಬರೆದರು. 1971ರಲ್ಲಿ ಡಿ.ಎನ್. ಶಂಕರ ಭಟ್ಟರ ಹವ್ಯಕ ಕನ್ನಡದ ಪುಸ್ತಕ ಬಂತು.

ಈ ವಿದ್ವಾಂಸರು ಮಾಡಿದ್ದು ಸಣ್ಣ ಕೆಲಸವಲ್ಲ. 'ಹಾಲು' 'ಆಲು' ಆಗುವುದು ನಾಲಿಗೆ ಹೊರಳದ್ದರಿಂದಲ್ಲ, ಅಲ್ಲೊಂದು ನಿಯಮ ಇದೆ ಎಂದು ತೋರಿಸಿಕೊಟ್ಟವರು ಇವರೇ. ಅದೇ ಕಣ್ಣಿನಿಂದ ಶಿರಾ ಸೀಮೆಯ ಸಪ್ತಮಿಯನ್ನು ನೋಡಿ: ಮನೆ, ಮನ್ಯಾಗೆ, ಕೆರೆ, ಕೆರ್ಯಾಗೆ, ಹೊಲ, ಹೊಲ್ದಾಗೆ, ಊರು, ಊರಾಗೆ. 'ಹೊಲದಲ್ಲಿ' ಎನ್ನುವಾಗ ನಡುವೆ ಬರುವ ದಕಾರವೇ ಇಲ್ಲೂ ಬರುತ್ತದೆ. 'ಊರಲ್ಲಿ' ಎನ್ನುವಾಗ ಬಾರದ್ದು ಇಲ್ಲೂ ಬರುವುದಿಲ್ಲ. ಪ್ರತ್ಯಯ ಬೇರೆ, ಅದು ಕೂಡುವ ರೀತಿ ಒಂದೇ. ಇದನ್ನು ಕೆಟ್ಟ ಕನ್ನಡ ಎನ್ನುವ ಮೇಷ್ಟರಿಗೆ ಇಷ್ಟು ಉತ್ತರ ಸಾಕು.

ಪರಂಪರೆಯ ಸೋಲು ಇರುವುದು ಪದ ದಾಟಿದ ಮೇಲೆ. ಧ್ವನಿಮಾ, ಆಕೃತಿಮಾ ಎಂದು ಬಿಡಿಸಿಡುವುದರಲ್ಲಿ ಪುಟಗಳು ತುಂಬಿದವು, ವಾಕ್ಯಕ್ಕೆ ಉಳಿದ ಜಾಗ ಅಷ್ಟಕ್ಕಷ್ಟೆ. 'ಹೊಲ್ದಾಗವ್ನೆ' ಎಂಬಲ್ಲಿ ಇರುವಿಕೆ ಹೇಳುವ 'ಅವ್ನೆ'ಯೇ 'ಬಂದವ್ನೆ' ಎಂಬಲ್ಲಿ ಮುಗಿದ ಕೆಲಸವನ್ನೂ ಹೇಳುತ್ತದೆ. ನಿಷೇಧ ಬಂದರೆ ಗಂಡು, ಹೆಣ್ಣು, ಎತ್ತು ಎಂಬ ಭೇದವೆಲ್ಲ ಅಳಿಸಿ 'ಹೊಲ್ದಾಗಿಲ್ಲ', 'ಬಂದಿಲ್ಲ' ಎರಡೇ ಉಳಿಯುತ್ತವೆ. ಕ್ರಿಯಾಪದ ಹೀಗೆ ಮೈ ಬದಲಿಸುವುದನ್ನು ಕಾಣಬೇಕಾದರೆ ಪದಪಟ್ಟಿ ಸಾಲದು, ಜಗಲಿ ಮೇಲಿನ ಮಾತುಕತೆಯೇ ಬೇಕು.

ಇನ್ನೊಂದು ತಕರಾರು ಜಾತಿಯದ್ದು. 1960ರಲ್ಲಿ ಬ್ರೈಟ್ ಕನ್ನಡದ ಬ್ರಾಹ್ಮಣ, ಒಕ್ಕಲಿಗ ನುಡಿಗಳನ್ನು ಎದುರುಬದುರು ಇಟ್ಟು, ಜಾತಿ ಹೇಗೆ ನಾಲಿಗೆಯ ಮೇಲೆ ಕೂತಿದೆ ಎಂದು ಬರೆದರು. 'ಇದೆ' ಎನ್ನುವವರು ಇತ್ತ, 'ಐತೆ' ಎನ್ನುವವರು ಅತ್ತ. ಆ ಕಾಲಕ್ಕೆ ಅದು ಧೈರ್ಯದ ಮಾತು, ಒಪ್ಪೋಣ. ಆದರೆ ಈ ಎರಡು ಖಾನೆಗಳಲ್ಲಿ ಶಿರಾ ಸೀಮೆ ಹಿಡಿಸುವುದಿಲ್ಲ. ಕುಂಚಿಟಿಗರು, ಕಾಡುಗೊಲ್ಲರು, ನಾಯಕರು, ಮಾದಿಗರು, 1687ರಿಂದ ಮೊಗಲರ ಸುಬಾ ಕೇಂದ್ರವಾಗಿದ್ದ ಶಿರಾ ಪೇಟೆಯ ಉರ್ದು ಮನೆಗಳು, ಪಾವಗಡ ಮಧುಗಿರಿಗಳಲ್ಲಿ ಮನೆಯೊಳಗೆ ತೆಲುಗು, ಸಂತೆಯಲ್ಲಿ ಕನ್ನಡ ಆಡುವವರು: ಇವರೆಲ್ಲ ಯಾವ ಖಾನೆಗೆ? ಎರಡು ಭಾಷೆ ಬಲ್ಲವನ ಕನ್ನಡ 'ಶುದ್ಧ ಉಪಭಾಷೆ' ಅಲ್ಲವೆಂಬ ಅಳುಕು ಆ ತಲೆಮಾರಿಗೆ ಇತ್ತೆಂದೇ ನನ್ನ ಗುಮಾನಿ. ಗಡಿಯಾಚೆ ಮಡಕಶಿರಾ ಕಡೆ, ನೊಳಂಬರ ಹೇಮಾವತಿಯ ಸುತ್ತ, ಈಗಲೂ ಕನ್ನಡ ಕೇಳುತ್ತದೆ. ರಾಜ್ಯದ ಗಡಿಗಲ್ಲು ನೋಡಿ ಮಾತು ನಿಲ್ಲುವುದಿಲ್ಲ.

ಈ ಉಪೇಕ್ಷೆ ಹಳೆಯದು. ಗ್ರಿಯರ್ಸನ್ನರ ಭಾಷಾ ಸರ್ವೇಕ್ಷಣೆಯ 1906ರ ನಾಲ್ಕನೇ ಸಂಪುಟದಲ್ಲಿ ಕನ್ನಡವೇನೋ ಇದೆ, ಆದರೆ ಮೈಸೂರು ಸಂಸ್ಥಾನ ಸರ್ವೇಕ್ಷಣೆಯಿಂದಲೇ ಹೊರಗಿತ್ತು. ಮಧ್ಯಪ್ರಾಂತ್ಯಕ್ಕೆ ವಲಸೆ ಹೋದ ಗೋಲರಿ ಪಶುಪಾಲಕರ ಕನ್ನಡಕ್ಕೆ ಅಲ್ಲಿ ಜಾಗ ಸಿಕ್ಕಿತು. ಜುಂಜಪ್ಪನ ಕಥೆ ಹಾಡುವ ಶಿರಾದ ಕಾಡುಗೊಲ್ಲರಿಗೆ ಸಿಗಲಿಲ್ಲ!

ಹೋಲಿಕೆಗೆ ಫ್ರಾನ್ಸ್ ನೋಡಬಹುದು. ಅಲ್ಲೂ ಹಳ್ಳಿಯ ಮಾತನ್ನು 'ಪತ್ವಾ' ಎಂದು ಹೀಗಳೆಯುತ್ತಿದ್ದರು. 1897ರಿಂದ 1901ರವರೆಗೆ ಎಡ್ಮಂಡ್ ಎಡ್ಮೊಂ ಎಂಬಾತ, ಪಂಡಿತನೇನಲ್ಲ, ಕಿವಿ ಮಾತ್ರ ಬಲು ಚುರುಕು, 639 ಊರುಗಳಿಗೆ ಅವೇ ಪ್ರಶ್ನೆಗಳನ್ನು ಹೊತ್ತು ಸೈಕಲ್‌ನಲ್ಲಿ ತಿರುಗಿದ. ಅವನು ತಂದದ್ದನ್ನು ಜೂಲ್ ಜಿಲ್ಯೆರೊ 1902ರಿಂದ ನಕ್ಷೆಗಳಾಗಿ ಅಚ್ಚು ಹಾಕಿಸಿದ. ಪ್ರಶ್ನೆ ಒಂದೇ ಆದ್ದರಿಂದ ಒಂದು ರೂಪ ಎಲ್ಲಿ ನಿಂತು ಇನ್ನೊಂದು ಎಲ್ಲಿ ಶುರು ಎಂಬುದು ಗೆರೆಯಾಗಿ ಕಂಡಿತು. ನಮ್ಮವು ಬಿಡಿ ಊರಿನ, ಬಿಡಿ ಜಾತಿಯ ಪುಸ್ತಕಗಳು. ನಮ್ಮ 'ಐತೆ', ಧಾರವಾಡದ 'ಐತಿ', ಕಲಬುರಗಿಯ 'ಅದ', ಕರಾವಳಿಯ 'ಉಂಟು' ಎಲ್ಲೆಲ್ಲಿ ಸಂಧಿಸುತ್ತವೆ ಎಂದು ಆ ಪುಸ್ತಕಗಳನ್ನು ಜೋಡಿಸಿ ಹೇಳಲಾಗದು. ಅವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿದ್ದು, ಆ ಮಾತನ್ನು ಆಡಿದವರ ಕೈಗೇ ಎಟುಕಲಿಲ್ಲ.

ಶಂಕರ ಭಟ್ಟರು 2000ದಲ್ಲಿ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂದು ಪುಸ್ತಕ ಬರೆದು ಸಂಸ್ಕೃತದ ಅಚ್ಚನ್ನು ಪ್ರಶ್ನಿಸಿದರು. ಅದೇ ಪ್ರಶ್ನೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದು ಬರಹಗನ್ನಡದ ಅಚ್ಚನ್ನೂ ಕೇಳಬೇಕು. ತುಮಕೂರು ವಿಶ್ವವಿದ್ಯಾನಿಲಯದ ಕನ್ನಡ ವಿದ್ಯಾರ್ಥಿಗಳಲ್ಲಿ ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆಯ ಮಕ್ಕಳಿದ್ದಾರೆ. ರೆಕಾರ್ಡ್ ಮಾಡುವ ಫೋನು ಅವರ ಜೇಬಿನಲ್ಲೇ ಇದೆ. ಒಂದೇ ಪ್ರಶ್ನಾವಳಿ ಕೊಟ್ಟು, ಅವರವರ ಊರಿಗೇ ಕಳಿಸಿ, ಬರುವ ವ್ಯಾಕರಣವನ್ನು ಕನ್ನಡದಲ್ಲೇ ಬರೆಸಲು ಅಲ್ಲಿನ ಅಧ್ಯಾಪಕರು ಮನಸ್ಸು ಮಾಡಬೇಕು.