ಹಳೇ ಡಬ್ಬಕ್ಕೆ ಒಗ್ಗುವ ವರ್ಷನ್

ನಮ್ಮನೆಯ ನಡುಮನೆ ಮೂಲೆಯಲ್ಲಿರುವ ಕಂಪ್ಯೂಟರಿಗೆ ಹೆಚ್ಚುಕಮ್ಮಿ ಹದಿನೈದರ ಪ್ರಾಯ. ಕೋರ್ 2 ಡ್ಯುಯೋ, 4 ಜಿಬಿ ರ‍್ಯಾಮ್, 64 ಬಿಟ್‌ನ ವಿಂಡೋಸ್ 7. ಗುಜರಿಗೆ ಹಾಕಪ್ಪಾ ಎಂದು ಮಗ ವರ್ಷಕ್ಕೆರಡು ಸಲವಾದರೂ ಹೇಳುತ್ತಾನೆ. ನಾನು ಕ್ಯಾಬಿನೆಟ್ ಬಿಚ್ಚಿ, ಪೇಂಟ್ ಬ್ರಷ್‌ನಲ್ಲಿ ಫ್ಯಾನಿನ ಧೂಳು ತೆಗೆದು, ಮತ್ತೆ ಮುಚ್ಚುತ್ತೇನೆ. ವಿಂಡೋಸ್ 7ಕ್ಕೆ ಸುರಕ್ಷತೆಯ ಅಪ್‌ಡೇಟ್ 2020ರ ಜನವರಿಗೇ ನಿಂತಿದ್ದರಿಂದ ನೆಟ್ಟಿನ ವೈರು ಕಿತ್ತಿಟ್ಟಿದ್ದೇನೆ. ಏನೇ ಬಂದರೂ ಪೆನ್‌ಡ್ರೈವ್‌ನಲ್ಲೇ.

ಕಳೆದ ವಾರ ಫೋಟೊ ತಿದ್ದುವ ಗಿಂಪ್ ಬದಲಿಸುವ ಮನಸ್ಸಾಯಿತು. ಇದ್ದದ್ದು 2012ರ 2.8. 2025ರ ಮಾರ್ಚಿನಲ್ಲಿ ಬಂದ 3.0 ಸೊಗಸಾಗಿದೆ, ಹಾಕಿದ ಫಿಲ್ಟರನ್ನು ಆಮೇಲೂ ತಿದ್ದಬಹುದು. ಆದರೆ ಅದಕ್ಕೆ ವಿಂಡೋಸ್ 10 ಆದರೂ ಬೇಕು. ಹಳೇ ಯಂತ್ರ ಸಾಕಿಕೊಂಡವರು ಹುಡುಕಬೇಕಾದ್ದು ಅದು ಹೊರಬಲ್ಲ ಕೊನೆಯ ವರ್ಷನ್ನನ್ನು. ನನಗೆ ಒದಗಿದ್ದು 2018ರಲ್ಲಿ ಶುರುವಾದ 2.10 ಸರಣಿ.

ಹಾಕಿದ ದಿನವೇ ಆಸೆಬುರುಕತನಕ್ಕೆ ದಂಡ ತೆತ್ತೆ. 2.10ರಲ್ಲಿ 32 ಬಿಟ್ ಪ್ರಿಸಿಷನ್ ಇದೆಯಲ್ಲ, ಇರಲಿ ಎಂದು ಏರಿಸಿದೆ. ಫೋನಿನ 12 ಮೆಗಾಪಿಕ್ಸೆಲ್ ಫೋಟೊ ನೋಡಲು ಮೂರ್ನಾಲ್ಕು ಎಂಬಿ. ತೆರೆದ ಮೇಲೆ ಪಿಕ್ಸೆಲ್ಲಿಗೆ ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಎಂದು ನಾಲ್ಕು ಬೈಟ್. ಲೇಯರ್ ಒಂದಕ್ಕೆ 48 ಎಂಬಿ. 32 ಬಿಟ್‌ಗೆ ಏರಿಸಿದರೆ ಅದೇ 192. ಐದು ಲೇಯರಿಗೆ ಒಂದು ಜಿಬಿ ಹತ್ತಿರ, ಅನ್‌ಡೂ ಲೆಕ್ಕ ಬೇರೆ. ಚಿತ್ರಕ್ಕೆಂದು ಗಿಂಪ್ ರ‍್ಯಾಮಿನಲ್ಲಿ ಇಟ್ಟುಕೊಳ್ಳುವ ಜಾಗ, ಟೈಲ್ ಕ್ಯಾಶ್, ತುಂಬಿ ಹಾರ್ಡ್‌ಡಿಸ್ಕಿಗೆ ಬರೆಯತೊಡಗಿತು. ಗರಗರ ಸದ್ದು, ಮೌಸ್ ಅಲ್ಲಾಡದು. ಮತ್ತೆ 8 ಬಿಟ್‌ಗೆ ಇಳಿಸಿ, ಪ್ರಿಫರೆನ್ಸಸ್‌ನಲ್ಲಿ ಟೈಲ್ ಕ್ಯಾಶ್ 2 ಜಿಬಿ ಮಾಡಿ, ಅನ್‌ಡೂ ಮೆಮೊರಿಯನ್ನು ಬಿಗಿಹಿಡಿದ ಮೇಲೆ ಸಲೀಸಾಗಿ ಕೆಲಸ ಸಾಗಿತು. ಎಸ್‌ಎಸ್‌ಡಿ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿದ್ದಾರೆ. ಆನ್ ಆಗುವುದು ಬೇಗ ಆಗುತ್ತದೆ, ನಿಜ. ಬ್ಲರ್ ಲೆಕ್ಕ ಹಾಕುವುದು ಮಾತ್ರ ಅದೇ ಮುದಿ ಪ್ರೊಸೆಸರ್.

ನಾನು ಗಿಂಪ್‌ಗೆ ಬಿದ್ದದ್ದು ಕನ್ನಡದ ದೆಸೆಯಿಂದ. ಹಳೇ ಫೋಟೋಶಾಪ್‌ನಲ್ಲಿ ಯೂನಿಕೋಡ್ ಹಾಕಿದರೆ ಒತ್ತಕ್ಷರ ಚೆಲ್ಲಾಪಿಲ್ಲಿಯಾಗಿ ‘ಲಕ್ಷ್ಮಿ’ ತುಂಡು ತುಂಡಾಗಿ ಬೀಳುತ್ತಿದ್ದಳು. ಇಲ್ಲಿ ಇಡಿಯಾಗಿ ನಿಲ್ಲುತ್ತಾಳೆ. ಆದರೂ ಒಂದು ಎಚ್ಚರ: ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವವರು ಫಾಂಟ್ಸ್ ಫೋಲ್ಡರನ್ನು ಮೊದಲು ಕಾಪಿ ಮಾಡಿಟ್ಟುಕೊಳ್ಳಿ. ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಮಾಡಿದ ಪಕ್ಕದ ಮನೆಯವರ ಗೃಹಪ್ರವೇಶದ ಕರೆಯೋಲೆ ಒಮ್ಮೆ ತೆರೆದಾಗ, ಫಾಂಟ್ ಇಲ್ಲದೆ ಪುಟದ ತುಂಬ ಚಿತ್ರವಿಚಿತ್ರ ರೋಮನ್ ಅಕ್ಷರಗಳ ಜಾತ್ರೆ ನೆರೆದಿತ್ತು.

ವಿಡಿಯೊಗೆ ವಿಎಲ್‌ಸಿ 3 ಸಾಕು, ಅದು ಎಕ್ಸ್‌ಪಿಯಲ್ಲೂ ಓಡುತ್ತದೆ. ಕೋಡೆಕ್ ಪ್ಯಾಕ್‌ಗಳ ಸಹವಾಸ ಬೇಡ. ಅಣ್ಣನ ಮಗಳ ಮದುವೆಯ 4ಕೆ ವಿಡಿಯೊ ಮಾತ್ರ ಧಾರೆಯ ಹೊತ್ತಿಗೆ ಸರಿಯಾಗಿ ತಡವರಿಸಿತು. ಅದಿದ್ದ ಎಚ್.265 ಕೋಡೆಕನ್ನು ಬಿಡಿಸುವ ಹಾರ್ಡ್‌ವೇರ್ ಈ ಡಬ್ಬದಲ್ಲಿಲ್ಲ. ಮಗನ ಲ್ಯಾಪ್‌ಟಾಪಿನಲ್ಲಿ ಎಚ್.264ಕ್ಕೆ, 720ಪಿಗೆ ಇಳಿಸಿಕೊಂಡು ಬಂದೆ. ಇಳಿಸಿಕೊಡುತ್ತಾ ಅವನು ಮತ್ತೆ ಗುಜರಿಯ ಮಾತೆತ್ತಿದ.